ನವನಗರದಲ್ಲಿ ಹಳೆಯ ಗೆಳೆಯ

ಕಳೆದ ಕಾರ್ತಿಕ ಮಾಸದಲ್ಲಿ ಬಾಗಲಕೋಟೆಗೆ ಹೋಗಿ, ನನ್ನ ಬಾಲ್ಯದ ಗೆಳೆಯನ ಮನೆಯಲ್ಲಿ ಎರಡು ದಿನ ಇದ್ದು ಬಂದೆನು. ಧಾರವಾಡದಲ್ಲಿ ನೆಲೆಸಿದವನಿಗೆ ಬಾಗಲಕೋಟೆ ದೂರದ ಊರೇನೂ ಅಲ್ಲ. ಗದಗ, ಬಾದಾಮಿಗಳ ಮೇಲೆ ಹಾದುಹೋಗುವ ರೈಲು ಅರ್ಧ ದಿನದೊಳಗೆ ಮುಟ್ಟಿಸುತ್ತದೆ. ಆದರೂ ಆ ಮನೆಯ ಹೊಸ್ತಿಲು ದಾಟಲು ನನಗೆ 23 ವರ್ಷಗಳು ಹಿಡಿದವು. ಈ ನಡುವೆ ನಾವು ಭೇಟಿಯಾಗಿರಲಿಲ್ಲವೆಂದಲ್ಲ. ಮದುವೆಗಳಲ್ಲಿ, ಮಠದ ಜಾತ್ರೆಗಳಲ್ಲಿ ಎದುರುಬದುರಾಗಿ, ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ, ಮೊಮ್ಮಕ್ಕಳ ಸುದ್ದಿ ಮಾತನಾಡಿ ಅಗಲಿದ್ದೇವೆ. ಮನೆಗೆ ಬಾ ಎಂದು ಅವನು ಕರೆದಾಗಲೆಲ್ಲ ಏನಾದರೊಂದು ಪ್ರವಚನದ ಕಾರ್ಯಕ್ರಮವನ್ನು ಮುಂದೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆನು. ಕಾರಣವು ಅವನಲ್ಲಿರಲಿಲ್ಲ, ನನ್ನಲ್ಲಿತ್ತು. ಅದನ್ನೇ ಈ ಲೇಖನದಲ್ಲಿ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಈ ಸಲ ಅವನು ದೂರವಾಣಿಯಲ್ಲಿ ಹೆಚ್ಚು ಮಾತನಾಡಲಿಲ್ಲ. "ಏ ಶಾಸ್ತ್ರಿ, ಇಬ್ಬರೂ ಅರವತ್ತು ದಾಟೇವಿ. ಇನ್ನ ಯಾವಾಗ ಬರಾಂವ ನೀ?" ಎಂದಷ್ಟೇ ಕೇಳಿದನು. ಶಾಸ್ತ್ರಿ ಎಂಬುದು ನನ್ನ ಹೆಸರಲ್ಲ. ಪಾಠಶಾಲೆಯಲ್ಲಿ ಅಮರಕೋಶವನ್ನು ಎಲ್ಲರಿಗಿಂತ ಮೊದಲು ಕಂಠಪಾಠ ಮಾಡಿ ಒಪ್ಪಿಸಿದ ದಿನ ಅವನೇ ಇಟ್ಟ ಅಡ್ಡಹೆಸರು. ಊರಿನವರೆಲ್ಲ ನನ್ನನ್ನು ಬಹುವಚನದಲ್ಲಿ ಕರೆಯುವ ಈ ವಯಸ್ಸಿನಲ್ಲಿ ಆ ಏಕವಚನದ ಕರೆ ಕೇಳಿದ ಮೇಲೆ ನೆವ ಹೇಳಲು ಬಾಯಿ ಬರಲಿಲ್ಲ.

ಹೊರಡುವ ಮುನ್ನ ಊರಿನಿಂದ ಅಣ್ಣನು ಕಳಿಸಿದ ಹೊಸ ಅಕ್ಕಿಯಲ್ಲಿ ಹತ್ತು ಕಿಲೋ ಚೀಲವೊಂದನ್ನು ಕಟ್ಟಿಕೊಂಡೆನು. ಗೆಳೆಯನ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ. ಆದರೆ ರೈಲಿನಲ್ಲಿ ಕುಳಿತ ಮೇಲೆ, ಜಗತ್ತಿನ ಎಲ್ಲ ವಸ್ತುಗಳನ್ನು ಬಿಟ್ಟು ಇದನ್ನೇ ಏಕೆ ತಂದೆನೋ ಎಂದು ಬಾದಾಮಿಯವರೆಗೂ ಹಳಹಳಿಸಿದೆನು. ಕಾರಣ ಮುಂದೆ ತಿಳಿಯುತ್ತದೆ.

ಹಿಂದೆ ಬಾಗಲಕೋಟೆಯಲ್ಲಿ ಇಳಿದವನಿಗೆ ವಿಳಾಸದ ಅಗತ್ಯವಿರಲಿಲ್ಲ. ಕಿಲ್ಲಾದಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿ, ಖಣದ ವ್ಯಾಪಾರಿಗಳ ಮನೆ ಎಂದರೆ ಸಾಕು, ಗೋಲಿ ಆಡುತ್ತಿದ್ದ ಹುಡುಗರು ಆಟ ಬಿಟ್ಟು ಬಾಗಿಲವರೆಗೂ ಬಿಟ್ಟುಬರುತ್ತಿದ್ದರು. ಈಗ ನಿಲ್ದಾಣದಲ್ಲಿ ಆಟೊ ಹತ್ತಿ ಅದನ್ನೇ ಹೇಳಿದೆನು. ಚಾಲಕನು ಇಪ್ಪತ್ತೈದರ ತರುಣ. "ಖಣದ ಅಂಗಡಿ ಗೊತ್ತಿಲ್ರೀ ಅಜ್ಜಾರ. ಸೆಕ್ಟರ್ ನಂಬರ್ ಹೇಳ್ರಿ, ಪ್ಲಾಟ್ ನಂಬರ್ ಹೇಳ್ರಿ" ಎಂದನು. ಕಿಸೆಯಿಂದ ಚೀಟಿ ತೆಗೆದು ಎರಡು ಅಂಕಿಗಳನ್ನು ಓದಿ ಹೇಳಿದೆನು. ವಿದ್ಯಾಗಿರಿಯನ್ನು ದಾಟಿ ನವನಗರದ ಅಗಲವಾದ ರಸ್ತೆಗಳಲ್ಲಿ ಆತನು ಎಲ್ಲಿಯೂ ತಡವರಿಸದೆ ನನ್ನನ್ನು ನೇರವಾಗಿ ಗೆಳೆಯನ ಬಾಗಿಲಿಗೇ ತಲುಪಿಸಿದನು. ಅಂಕಿಗಳ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ.

ಗೆಳೆಯನು ಬಾಗಿಲಲ್ಲಿಯೇ ನಿಂತಿದ್ದನು. ಕೂದಲು ಪೂರ್ಣ ಬೆಳ್ಳಗಾಗಿದೆ, ಸೊಂಟ ತುಸು ಬಾಗಿದೆ. ಹಣೆಯ ವಿಭೂತಿಯ ಮೂರು ಎಳೆಗಳು ಮಾತ್ರ ಹುಡುಗನಾಗಿದ್ದಾಗಿನಂತೆಯೇ ಸೊಟ್ಟಗೆ. ಪಾಠಶಾಲೆಯ ಗುರುಗಳು ಎಷ್ಟು ಗದರಿಸಿದರೂ ಅವು ನೆಟ್ಟಗಾಗಿರಲಿಲ್ಲ. "ಬಂದ್ಯಾ" ಎಂದನು. "ಬಂದೆ" ಎಂದೆನು. ಅವನ ಮನೆಯಾಕೆ ಕಾಲಿಗೆ ನೀರು ಕೊಟ್ಟು, "ಶರಣ್ರೀ ಅಯ್ನಾರ, ದಾರಿ ತಪ್ಪಿ ಬಂದೀರೇನ್ರಿ?" ಎಂದು ನಗೆಯಲ್ಲಿಯೇ ಚುಚ್ಚಿದರು. ನಾನು ಅಕ್ಕಿಯ ಚೀಲವನ್ನು ಮುಂದೆ ಇಟ್ಟೆನು. "ಎಲ್ಲೀ ಅಕ್ಕಿರಿ?" ಎಂದು ಅವರು ಕೇಳಿದಾಗ "ಊರಿಂದು" ಎಂದಷ್ಟೇ ಹೇಳಿ ಮಾತು ಬದಲಿಸಿದೆನು.

ನಮ್ಮ ಸ್ನೇಹದ ಮೂಲವನ್ನು ಇಲ್ಲಿ ಹೇಳಬೇಕು. ನನ್ನ ಊರು ಸುರಪುರ ತಾಲೂಕಿನ ಒಂದು ಹಳ್ಳಿ. ಅಂದು ಕಲಬುರ್ಗಿ ಜಿಲ್ಲೆಯಲ್ಲಿದ್ದಿತು, ಇಂದು ಯಾದಗಿರಿ ಜಿಲ್ಲೆಗೆ ಸೇರಿದೆ. 1972ರ ಬರಗಾಲದಲ್ಲಿ ನನ್ನ ತಾಯಿ ರಸ್ತೆಯ ಕಾಮಗಾರಿಗೆ ಕಲ್ಲು ಒಡೆಯಲು ಹೋಗುತ್ತಿದ್ದಳು. ಇದ್ದ ಎಂಟು ಎಕರೆ ಎರೆಭೂಮಿ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಅಣ್ಣನು ದುಡಿಯಬಲ್ಲವನಾಗಿದ್ದನು, ನಾನು ಉಣ್ಣುವುದಕ್ಕೆ ಮಾತ್ರ ಇದ್ದವನು. ಮಲಪ್ರಭೆಯ ತೀರದ ಮಠವೊಂದರ ಪಾಠಶಾಲೆಯಲ್ಲಿ ಹುಡುಗರಿಗೆ ಎರಡು ಹೊತ್ತು ಪ್ರಸಾದವಿದೆ ಎಂಬುದನ್ನು ಯಾರೋ ಹೇಳಿದರು. ಮುಂದೆ ನನ್ನ ವಿದ್ವತ್ತಿನ ಬಗ್ಗೆ ಸಭೆಗಳಲ್ಲಿ ಪರಿಚಯ ಭಾಷಣ ಮಾಡಿದವರೆಲ್ಲ ಜ್ಞಾನದಾಹದಿಂದ ಮಠ ಸೇರಿದರು ಎಂದೇ ಹೇಳುತ್ತ ಬಂದಿದ್ದಾರೆ. ನಾನು ಸೇರಿದ್ದು ರೊಟ್ಟಿಗಾಗಿ.

ಗೆಳೆಯನದು ಹಾಗಲ್ಲ. ಉಂಡುಟ್ಟು ಇದ್ದ ಮನೆ. ಗುಳೇದಗುಡ್ಡದ ನೇಕಾರರಿಂದ ಕುಪ್ಪಸದ ಖಣಗಳನ್ನು ಕೊಂಡು ಬಾಗಲಕೋಟೆಯ ಪೇಟೆಯಲ್ಲಿ ಮಾರುವುದು ಅವನ ತಂದೆಯವರ ಕಾಯಕ. ಮಗನಿಗೆ ನಾಲ್ಕಕ್ಷರ ಧರ್ಮ ತಿಳಿಯಲಿ ಎಂದು ಕಳಿಸಿದ್ದರು. ಮೊದಲ ಬೇಸಿಗೆಯ ರಜೆಯಲ್ಲಿ ಎಲ್ಲ ಹುಡುಗರೂ ಊರಿಗೆ ಹೊರಟಾಗ ನಾನು ಹೊರಡಲಿಲ್ಲ. ಮನೆಯಲ್ಲಿ ಒಂದು ಬಾಯಿ ಹೆಚ್ಚಾಗುವುದು ಬೇಡವಾಗಿತ್ತು. ಅದನ್ನು ತಿಳಿದ ಗೆಳೆಯನ ತಂದೆ ಇಬ್ಬರನ್ನೂ ಬಂಡಿಯಲ್ಲಿ ಕೂರಿಸಿಕೊಂಡು ಬಾಗಲಕೋಟೆಗೆ ಕರೆದೊಯ್ದರು. ಅಲ್ಲಿಂದ ಮುಂದೆ ಏಳು ವರ್ಷ ಬೇಸಿಗೆಯ ರಜೆ ಎಂದರೆ ಕಿಲ್ಲಾದ ಆ ಮನೆಯೇ. ಅವರನ್ನು ನಾನೂ "ಅಪ್ಪಾರು" ಎಂದೇ ಕರೆಯುತ್ತಿದ್ದೆನು.

ಮಣ್ಣಿನ ಮಾಳಿಗೆಯ ಹಳೆಯ ಮನೆ ಅದು. ಹೊರಗೆ ಕಲ್ಲುಕಟ್ಟೆ, ಒಳಗೆ ಪಡಸಾಲೆ, ನಡುವೆ ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಚೌಕ. ಆ ಚೌಕವು ಕಂಬದ ಬುಡಕ್ಕೆ ಬಂದಾಗ ಅಪ್ಪಾರು ಅಂಗಡಿಯಿಂದ ಊಟಕ್ಕೆ ಬರುತ್ತಿದ್ದರು. ಮಾಳಿಗೆಗಳು ಒಂದಕ್ಕೊಂದು ಕೂಡಿಕೊಂಡಿದ್ದುದರಿಂದ ಓಣಿಯ ಈ ತುದಿಯಲ್ಲಿ ಹತ್ತಿದ ಹುಡುಗನು ಆ ತುದಿಯಲ್ಲಿ ಇಳಿಯಬಹುದಾಗಿತ್ತು. ಬೇಸಿಗೆಯ ರಾತ್ರಿ ಇಡೀ ಓಣಿ ಮಾಳಿಗೆಯ ಮೇಲೆ ಮಲಗುತ್ತಿತ್ತು. ಘಟಪ್ರಭೆಯ ಮೇಲಿನಿಂದ ಗಾಳಿ ಬರುತ್ತಿತ್ತು.

ಆ ಮನೆ ಮುಳುಗುತ್ತದೆ ಎಂಬ ಮಾತನ್ನು ನಾನು ಕೇಳಿದ್ದೂ ಆ ಮಾಳಿಗೆಯ ಮೇಲೆಯೇ. ಆಗಲೇ ಅದು ಹಳೆಯ ಮಾತು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಜಲಾಶಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. ನೀರಿನ ಹಂಚಿಕೆಯ ಬಗ್ಗೆ ಬಚಾವತ್ ನ್ಯಾಯಾಧಿಕರಣದ ತೀರ್ಪು ಬಂದದ್ದು 1973ರಲ್ಲಿ. ಅಣೆಯ ಎತ್ತರದ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಸಮುದ್ರಮಟ್ಟದಿಂದ 519.6 ಮೀಟರಿನವರೆಗೆ ನೀರು ನಿಲ್ಲಿಸಬಹುದೆಂಬ ನಿರ್ಣಯ ಹೊರಬಿದ್ದದ್ದು 2000ದ ಏಪ್ರಿಲ್ ತಿಂಗಳಲ್ಲಿ. ಕಟ್ಟಡವು ಪೂರ್ಣಗೊಂಡದ್ದು 2005ರಲ್ಲಿ. ಅಡಿಗಲ್ಲಿನ ವರ್ಷ ಹುಟ್ಟಿದ ಕೂಸಿಗೆ ಆಗ 41 ವರ್ಷ. ಅಷ್ಟು ದೀರ್ಘಕಾಲ ಒಂದು ಊರು "ನಾಳೆ ಮುಳುಗುತ್ತೇವೆ" ಎಂದುಕೊಂಡು ಬದುಕಿತು. ಹೇಗೂ ಮುಳುಗುವ ಮನೆಯ ತೊಲೆ ಬದಲಿಸುವವರಾರು? ಮಾಳಿಗೆಗೆ ಹೊಸ ಮಣ್ಣು ಹೊರಿಸುವವರಾರು? ಮುಳುಗಡೆಯ ಮನೆಗೆ ಹೆಣ್ಣು ಕೊಡಲು ಬೀಗರು ಹಿಂದೆಮುಂದೆ ನೋಡುತ್ತಿದ್ದರೆಂದು ಗೆಳೆಯನ ಮನೆಯಾಕೆ ಇಂದಿಗೂ ಹೇಳುತ್ತಾರೆ. ನೀರು ಬಂದು ಕೆಡಿಸಿದ್ದಕ್ಕಿಂತ ನೀರು ಬರುತ್ತದೆಂಬ ಮಾತು ಆ ಮನೆಗಳನ್ನು ಮೊದಲೇ ಕೆಡಿಸಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ನು ನನ್ನ ಕಡೆಯ ಕಥೆ. ಆಲಮಟ್ಟಿಯ ಕೆಳಗೆ ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಇನ್ನೊಂದು ಜಲಾಶಯವೇ ಬಸವಸಾಗರ. 1982ರ ಹೊತ್ತಿಗೆ ಅದು ಸಿದ್ಧವಾಯಿತು. ಅದರ ಎಡದಂಡೆಯ ಕಾಲುವೆ ಸುರಪುರ, ಶಹಾಪುರಗಳ ಸೀಮೆಗೆ ನೀರು ತಂದಿತು. ಕಲ್ಲು ಒಡೆದ ನನ್ನ ತಾಯಿ ತನ್ನ ಹೊಲದಲ್ಲಿ ಬತ್ತ ನಿಂತದ್ದನ್ನು ಕಣ್ಣಾರೆ ಕಂಡು ತೀರಿಕೊಂಡಳು. ಆದರೆ ಬಸವಸಾಗರದ ಹೊಟ್ಟೆ ಚಿಕ್ಕದು, 38 ಟಿಎಂಸಿಯಷ್ಟು ಮಾತ್ರ. ಆಲಮಟ್ಟಿಯದು 123 ಟಿಎಂಸಿ. ಮೇಲೆ ಆಲಮಟ್ಟಿಯಲ್ಲಿ ನೀರು ನಿಂತರೇನೇ ಕೆಳಗಿನವರಿಗೆ ಎರಡನೆಯ ಬೆಳೆಯ ಭರವಸೆ. ಲೆಕ್ಕ ಸರಳವಾಗಿದೆ. ಅಪ್ಪಾರ ಪಡಸಾಲೆಗೆ ನೀರು ಬರುವುದಕ್ಕೂ ನಮ್ಮ ಅಣ್ಣನ ಗದ್ದೆಗೆ ಎರಡನೆಯ ಸಲ ನೀರು ಬರುವುದಕ್ಕೂ ನಡುವೆ ಒಂದು ಅಣೆಕಟ್ಟು ಮಾತ್ರ ಇದ್ದಿತು.

2001ರ ಕೊನೆಯಲ್ಲಿ ಗೆಳೆಯನಿಂದ ಪತ್ರ ಬಂದಿತು. ಓಣಿಯಲ್ಲಿ ಬಹುಪಾಲು ಮನೆಗಳು ಖಾಲಿಯಾಗಿವೆ, ನವನಗರದಲ್ಲಿ ನಿವೇಶನ ಸಿಕ್ಕಿ ಮನೆ ಎದ್ದಿದೆ, ಆದರೆ ಅಪ್ಪ ಕಾಗದಕ್ಕೆ ಸಹಿ ಹಾಕಲು ಒಪ್ಪುತ್ತಿಲ್ಲ, ಕಟ್ಟೆ ಬಿಟ್ಟು ಏಳುತ್ತಿಲ್ಲ, ನಿನ್ನ ಮಾತು ಕೇಳಿಯಾನು ಎಂದು ಬರೆದಿದ್ದನು. ಹೋದೆನು. ಅಂದು ನನಗೆ ನಲವತ್ತೆರಡು. ನಾಲ್ಕು ಜಿಲ್ಲೆಗಳಲ್ಲಿ ಪ್ರವಚನಕಾರನೆಂದು ಹೆಸರಾಗಿದ್ದಿತು. ಗೋಡೆಗೆ ಕೆಂಪು ಬಣ್ಣದಲ್ಲಿ ಸರ್ವೆಯ ಅಂಕಿ ಬರೆದಿದ್ದ ಆ ಮನೆಯ ಕಟ್ಟೆಯ ಮೇಲೆ ಕುಳಿತು ಎಪ್ಪತ್ತೆಂಟರ ವೃದ್ಧರಿಗೆ ಒಂದು ತಾಸು ಉಪದೇಶ ಮಾಡಿದೆನು. ಸ್ಥಾವರ, ಜಂಗಮಗಳ ತತ್ತ್ವವನ್ನು ಬಿಡಿಸಿ ಹೇಳಿದೆನು. ದೇಹವೇ ನಮ್ಮದಲ್ಲವೆಂದ ಮೇಲೆ ಗೋಡೆ ಎಲ್ಲಿಯದು ಎಂದೆನು. ನನ್ನ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು.

ಅಪ್ಪಾರು ಪೂರ್ತಿ ಕೇಳಿದರು. ಬಳಿಕ, "ಅಯ್ಯಾ, ನೀ ಹೇಳೂದು ಖರೆ ಐತಿ. ನೀ ಒಂದರೆ ಮನಿ ಕಟ್ಟಿಸೀಯೇನು?" ಎಂದು ಕೇಳಿದರು. ನಾನು ಮಠದಲ್ಲಿ ಬೆಳೆದು, ಬಾಡಿಗೆಯ ಮನೆಯಲ್ಲಿ ಸಂಸಾರ ಹೂಡಿದವನು. ಇಲ್ಲವೆಂದೆನು. ಅವರು ಮತ್ತೇನೂ ಹೇಳಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದು, "ಊರಾಗ ಅಣ್ಣಾರ ಹೊಲಕ್ಕ ನೀರ ಹೆಂಗದಾವು? ಬೆಳಿ ಹೆಂಗೈತಿ?" ಎಂದು ವಿಚಾರಿಸಿದರು. ಪ್ರತಿ ಸಲವೂ ವಿಚಾರಿಸುತ್ತಿದ್ದ ಮಾತೇ ಅದು. "ಚಲೋ ಅದಾವ್ರೀ ಅಪ್ಪಾರ. ಇನ್ನ ಮುಂದ ಎರಡ ಬೆಳಿ ತಗೀತಾರಂತ" ಎಂದೆನು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಏನು ಹೇಳಿದೆನೆಂಬುದು ನನಗೆ ಹೊಳೆಯಿತು. ಅಪ್ಪಾರು ನನ್ನನ್ನು ಒಂದು ಕ್ಷಣ ನೋಡಿ, "ಚಲೋ ಆತು" ಎಂದರು.

ಮರುದಿನ ಅವರು ಸಹಿ ಹಾಕಿದರೆಂದು ಗೆಳೆಯನು ಸಂತೋಷದಿಂದ ಬರೆದನು. ನವನಗರದ ಮನೆಗೆ ಹೋದ ಎಂಟು ತಿಂಗಳಿಗೆ, 2002ರ ಆಷಾಢದಲ್ಲಿ, ಅಪ್ಪಾರು ಲಿಂಗೈಕ್ಯರಾದರು. ಅಂದು ನಾನು ಬೇರೆಡೆ ಪ್ರವಚನದಲ್ಲಿದ್ದೆನು. ಸುದ್ದಿ ತಲುಪಿತ್ತು. ಮನಸ್ಸು ಮಾಡಿದ್ದರೆ ರಾತ್ರಿಯ ಬಸ್ಸಿಗೆ ಹೊರಟು ಮಣ್ಣಿಗೆ ಮುಟ್ಟಬಹುದಾಗಿತ್ತು. ಮನಸ್ಸು ಮಾಡಲಿಲ್ಲ. "ಚಲೋ ಆತು" ಎಂಬ ಆ ಎರಡು ಪದಗಳು ಆಶೀರ್ವಾದವೋ, ನನ್ನ ಉಪದೇಶದ ಬೆಲೆ ಕಟ್ಟಿದ್ದೋ ತಿಳಿಯದೆ, ಆ ಮುಖವನ್ನು ನೋಡುವ ಧೈರ್ಯ ಬರಲಿಲ್ಲ. ಸಂತಾಪದ ಪತ್ರವನ್ನು ಬರೆದೆನು. ಅದರಲ್ಲಿಯೂ ಸ್ಥಾವರ, ಜಂಗಮಗಳಿದ್ದವು.

ಈಗ ನವನಗರದ ಮನೆಯ ಮಾತು. ಕಾಂಕ್ರೀಟಿನ ತಾರಸಿ, ಸುತ್ತ ಕಂಪೌಂಡು, ಅಂಗಳದಲ್ಲಿ ಬೇವು ಮತ್ತು ದಾಸವಾಳ. ನಲ್ಲಿಯಲ್ಲಿ ನೀರು, ಮುಚ್ಚಿದ ಚರಂಡಿ. ಹಳೆಯ ಮನೆಯಿಂದ ಬಂದದ್ದರಲ್ಲಿ ಮುಖ್ಯವಾದದ್ದು ತೇಗದ ತಲೆಬಾಗಿಲು. ಅದು ಗಿಡ್ಡಗಿದೆ. ಮುಂಬಾಗಿಲಿಗೆ ಹೊಂದಲಿಲ್ಲವೆಂದು ದೇವರ ಕೋಣೆಗೆ ಕೂರಿಸಿದ್ದಾರೆ. ಎರಡು ದಿನದಲ್ಲಿ ನನ್ನ ಹಣೆಗೆ ಮೂರು ಸಲ ತಾಗಿತು.

ನಗರವನ್ನು ಕಟ್ಟುವ ಯೋಜನೆಯಲ್ಲಿ ಚಾರ್ಲ್ಸ್ ಕೊರಿಯಾ ಅವರಂಥ ಪ್ರಸಿದ್ಧ ವಾಸ್ತುಶಿಲ್ಪಿಯ ಕೈಯಿತ್ತು. 1997ರಲ್ಲಿ ಬಾಗಲಕೋಟೆ ಬಿಜಾಪುರದಿಂದ ಬೇರ್ಪಟ್ಟು ಜಿಲ್ಲೆಯಾದ ಮೇಲೆ ಜಿಲ್ಲಾಡಳಿತದ ಕಚೇರಿಗಳೂ ನವನಗರಕ್ಕೇ ಬಂದವು. 2008ರಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಬಾಗಲಕೋಟೆಯಲ್ಲಿ ಸ್ಥಾಪನೆಯಾಯಿತು. ಗೆಳೆಯನ ಮೊಮ್ಮಗಳು ಅಲ್ಲಿಯೇ ಓದುತ್ತಾಳೆ. ಆಕೆಗೆ ಹಳೆಯ ಮನೆಯೆಂದರೆ ಗೋಡೆಯ ಮೇಲಿನ ಒಂದು ಭಾವಚಿತ್ರ. "ನಮ್ಮೂರು ಇದರೀ ಅಜ್ಜಾ. ನಾ ಹುಟ್ಟಿದ್ದ ಇಲ್ಲೇ" ಎಂದು ಸ್ಪಷ್ಟವಾಗಿ ಹೇಳಿದಳು. ಸತ್ಯವನ್ನೇ ಹೇಳಿದಳು. ಹುಟ್ಟಿದ ಊರಿಗಾಗಿ ಮರುಗುವ ನಾವು ಆಕೆಯ ಹುಟ್ಟೂರನ್ನು ಹೊಸ ಊರು, ಹೊಸ ಊರು ಎಂದು ಕರೆಯುತ್ತ ಕುಳಿತರೆ ಅದು ನ್ಯಾಯವಲ್ಲ.

ಗೆಳೆಯನ ದೂರು ರಸ್ತೆ, ನೀರುಗಳದ್ದಲ್ಲ. ಹಳೆಯ ಓಣಿಯ ಮನೆಗಳು ಇಲ್ಲಿ ಚದುರಿಹೋದವು ಎಂಬುದೇ ಅವನ ಕೊರಗು. ದೊಡ್ಡ ಮನೆ ಕಳೆದುಕೊಂಡವರಿಗೆ ದೊಡ್ಡ ನಿವೇಶನ, ಸಣ್ಣ ಮನೆಯವರಿಗೆ ಸಣ್ಣದು. ಹೀಗಾಗಿ ಒಂದೇ ಗೋಡೆಯ ಎರಡು ಬದಿಗೆ ಬಾಳಿದವರು ಬೇರೆ ಬೇರೆ ಸೆಕ್ಟರು ಸೇರಿದರು. ಪಕ್ಕದ ಮನೆಯ ಕಂಬಾರನು ಇವನ ತಂದೆಯೊಡನೆ ದಿನವೂ ಸಂಜೆ ಕಟ್ಟೆಯ ಮೇಲೆ ಕೂಡುತ್ತಿದ್ದವನು. ಹೊಸ ಊರಿನಲ್ಲಿ ಅವನ ಮನೆ ಒಂದೂವರೆ ಮೈಲು ದೂರವಾಯಿತು. "ಅಪ್ಪ ಮೊದಲ ವಾರ ನಡಕೋತ ಹೋಗಿ ಬಂದ. ಆಮ್ಯಾಲೆ ಮಣಕಾಲ ಕೇಳಲಿಲ್ಲ. ಇಲ್ಲಿ ಕಟ್ಟಿನೂ ಇರಲಿಲ್ಲ, ಗೇಟಿನ ಹಂತ್ಯಾಕ ಕುರ್ಚಿ ಹಾಕ್ಕೊಂಡು ಕುಂತಿರತಿದ್ದ. ದಾರೀಲೆ ಹೋಗವ್ರು ಯಾರೂ ಗುರತಿನವರಲ್ಲ" ಎಂದನು. ಇದನ್ನು ದೂರಿನ ಧ್ವನಿಯಲ್ಲಿ ಹೇಳಲಿಲ್ಲ. ಖಣದ ಧಾರಣೆ ಹೇಳುವಂತೆ ಹೇಳಿದನು.

ಆದರೂ ಹೋಳಿಹುಣ್ಣಿಮೆ ಬಂದರೆ ನವನಗರದಿಂದ ಜನ ಹಳೆಯ ಊರಿಗೇ ಇಳಿಯುತ್ತಾರಂತೆ. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಐದು ಓಣಿಗಳ ಹಲಗೆಯ ಮೇಳಗಳು, ಬಣ್ಣದ ಬಂಡಿಗಳು ಇಂದಿಗೂ ಆ ಹೆಸರಿನಲ್ಲಿಯೇ ಹೊರಡುತ್ತವೆ. ಬಂಡಿಯ ಬದಲು ಟ್ರ್ಯಾಕ್ಟರು ಬಂದಿದೆ ಅಷ್ಟೆ. "ನನ್ನ ಓಟು ಸೆಕ್ಟರಿನಾಗ, ಹೋಳಿ ಕಿಲ್ಲಾದಾಗ" ಎಂದು ಗೆಳೆಯನು ನಕ್ಕನು.

ಎರಡನೆಯ ದಿನ ಮಧ್ಯಾಹ್ನ ಅವನು ನನ್ನನ್ನು ಹಳೆಯ ಊರಿಗೆ ಕರೆದೊಯ್ದನು. ಪೇಟೆಯ ಭಾಗದಲ್ಲಿ ಅಂಗಡಿಗಳಿವೆ, ಜನರಿದ್ದಾರೆ, ಗದ್ದಲವಿದೆ. ನದಿಯ ಕಡೆಗೆ ಇಳಿಯುತ್ತ ಹೋದಂತೆ ಗೋಡೆಗಳು ಗಿಡ್ಡಾಗುತ್ತ, ಬಳಿಕ ಅಡಿಪಾಯಗಳಾಗುತ್ತ, ಜಾಲಿಕಂಟಿಯಲ್ಲಿ ಮರೆಯಾಗುತ್ತವೆ. ಆಚೆ ಹಿನ್ನೀರು. ಕಾರ್ತಿಕದಲ್ಲಿ ಜಲಾಶಯ ತುಂಬಿರುತ್ತದೆ. ಘಟಪ್ರಭೆ ಎಲ್ಲಿ, ಊರು ಎಲ್ಲಿ, ಹೊಲ ಎಲ್ಲಿ ಎಂಬುದು ತಿಳಿಯದಂತೆ ಒಂದೇ ಸಮನೆ ಹರವಿಕೊಂಡಿದೆ. ನೋಡಲು ಬಹಳ ಸುಂದರವಾಗಿದೆ ಎಂಬುದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಗೆಳೆಯನು ಕೈ ಚಾಚಿ, "ಅಲ್ಲಿ, ಆ ಬಕ ಕುಂತೈತಲ್ಲ, ಅದಕ್ಕಿಂತ ತುಸು ಆಚೆ ನಮ್ಮ ಪಡಸಾಲಿ" ಎಂದನು.

ಬಳಿಕ ಇನ್ನೂ ಎಡಕ್ಕೆ ಕೈ ಹೊರಳಿಸಿ, "ಅಲ್ಲಿ ಅವ್ವ" ಎಂದನು.

ಅವರ ಮನೆತನದ ಸಮಾಧಿಗಳು ಹೊಳೆಯ ದಂಡೆಯ ರುದ್ರಭೂಮಿಯಲ್ಲಿದ್ದವು. ನಮ್ಮಲ್ಲಿ ಮಣ್ಣು ಕೊಡುವ ಪದ್ಧತಿಯಾದುದರಿಂದ ಹಿರಿಯರು ಇರುವ ನೆಲಕ್ಕೆ ಒಂದು ಮಹತ್ವವಿದೆ. ತನ್ನ ಮಡದಿಯ ಪಕ್ಕದಲ್ಲಿಯೇ ತನಗೂ ಮೂರು ಹೆಜ್ಜೆ ನೆಲವೆಂದು ಅಪ್ಪಾರು ಮೊದಲೇ ಗುರುತು ಮಾಡಿ ಕಲ್ಲು ನೆಟ್ಟಿದ್ದರಂತೆ. ಅವರು ಲಿಂಗೈಕ್ಯರಾದಾಗ ಆ ಕಲ್ಲಿನ ಮೇಲೆ ನೀರು ನಿಂತಿತ್ತು. ಹೊಸ ಊರಿನ ಹೊಸ ರುದ್ರಭೂಮಿಯಲ್ಲಿ, ಯಾರೂ ಗುರುತಿನವರಿಲ್ಲದಲ್ಲಿ, ಅವರನ್ನು ಇಟ್ಟರು. ಕಟ್ಟೆ ಬಿಟ್ಟು ಅವರು ಏಳದಿದ್ದುದು ಗೋಡೆಗಳ ಮೋಹದಿಂದಲ್ಲ, ಈ ಮೂರು ಹೆಜ್ಜೆಗಾಗಿ ಎಂಬುದನ್ನು ಗೆಳೆಯನು ಅಂದು ಆ ದಂಡೆಯ ಮೇಲೆ ನನಗೆ ಹೇಳಿದನು. ನಾನು ಒಂದು ತಾಸು ಉಪದೇಶ ಮಾಡಿದ್ದೆನು. ಏಕೆ ಏಳುತ್ತಿಲ್ಲ ಎಂದು ಒಂದು ಮಾತು ಕೇಳಿರಲಿಲ್ಲ.

ನಾರಾಯಣಪುರದ ಹಿನ್ನೀರು ಕೂಡಲಸಂಗಮವನ್ನು ಮುಟ್ಟಿದಾಗ ಅಲ್ಲಿಯ ಐಕ್ಯಸ್ಥಳವನ್ನು ಉಳಿಸಲು ಸುತ್ತಲೂ ಬಾವಿಯಂತೆ ಗೋಡೆ ಎಬ್ಬಿಸಿದರು. ಇಂದು ನಾವು ಮೆಟ್ಟಿಲಿಳಿದು ಹೋಗಿ ದರ್ಶನ ಪಡೆಯುತ್ತೇವೆ, ಸುತ್ತ ನದಿ ಇರುತ್ತದೆ. ಅದು ಆಗಲೇಬೇಕಾದ ಕೆಲಸ, ನಾಡಿನ ಪುಣ್ಯ. ಎಲ್ಲ ಅವ್ವಂದಿರ ಸಮಾಧಿಗೂ ಗೋಡೆ ಕಟ್ಟಲು ಸಾಧ್ಯವಿಲ್ಲವೆಂಬುದೂ ತಿಳಿದ ಮಾತೇ. ಆದರೆ ಪುನರ್ವಸತಿಯ ಪಟ್ಟಿಯಲ್ಲಿ ಮನೆಗೆ ಬೆಲೆಯಿದೆ, ಹೊಲಕ್ಕೆ ಬೆಲೆಯಿದೆ, ಗಿಡಮರಗಳಿಗೂ ಬೆಲೆಯಿದೆ. ಈ ಬಗೆಯ ನಷ್ಟವನ್ನು ಬರೆಯಲು ಒಂದು ಕಲಮು ಕೂಡ ಇರಲಿಲ್ಲ ಎಂದು ಗೆಳೆಯನು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಮುಳುಗಡೆಯ ಮಾತು ಅಷ್ಟಕ್ಕೇ ಮುಗಿದಿಲ್ಲ. 2010ರಲ್ಲಿ ಎರಡನೆಯ ನ್ಯಾಯಾಧಿಕರಣವು 524.256 ಮೀಟರಿನವರೆಗೆ ನೀರು ನಿಲ್ಲಿಸಲು ಅನುಮತಿಸಿತು. ಅದಕ್ಕಾಗಿ ಮುಳುಗುವ ಭೂಮಿಗೆ ಎಕರೆಗೆ ನೀರಾವರಿಯದಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿ ಪರಿಹಾರವೆಂದು ರಾಜ್ಯದ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಹಳೆಯ ಊರಿನ ಚಹದಂಗಡಿಯಲ್ಲಿ ಕುಳಿತಾಗ ಸುತ್ತಲಿನವರ ಬಾಯಲ್ಲಿ ಆ ಅಂಕಿಗಳೇ. ಉಳಿದ ಓಣಿಗಳವರು ತೊಲೆ ಬದಲಿಸಬೇಕೋ ಬೇಡವೋ ಎಂದು ಮತ್ತೆ ಯೋಚಿಸುತ್ತಿದ್ದಾರೆ.

ಸಂಜೆ ಅಪ್ಪಾರ ಸಮಾಧಿಗೆ ಹೋದೆವು. ಸಿಮೆಂಟಿನ ಸಾದಾ ಕಟ್ಟೆ. ನಾನು ವಿಭೂತಿ ಧರಿಸಿ, ಬಿಲ್ವಪತ್ರೆ ಏರಿಸಿ, ಸ್ವಲ್ಪ ಹೊತ್ತು ಕುಳಿತೆನು. ಮಂತ್ರಗಳು ನಾಲಿಗೆಗೆ ಬಂದವು, ಅವುಗಳನ್ನು ಹೇಳಿದೆನು. ಹೇಳಬೇಕಾದದ್ದು ಅವು ಆಗಿರಲಿಲ್ಲ.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಗುರೆಳ್ಳಿನ ಹಿಂಡಿ. ಕೊನೆಗೆ ನಾನು ತಂದ ಅಕ್ಕಿಯ ಅನ್ನ, ಮೊಸರು. ಗೆಳೆಯನು ಒಂದು ತುತ್ತು ಉಂಡು, "ಅಣ್ಣನ ಗದ್ದೀದಲ್ಲ?" ಎಂದನು. ಹೌದೆಂದೆನು. ಆಗ 23 ವರ್ಷ ಬಚ್ಚಿಟ್ಟದ್ದನ್ನು ಕೇಳಿಯೇಬಿಟ್ಟೆನು. ಅಂದು ನಾನು ಹೋದ ಮೇಲೆ ಅಪ್ಪಾರು ಏನೆಂದರು?

ಗೆಳೆಯನು ತಟ್ಟೆಯಿಂದ ಕೈ ತೆಗೆಯಲಿಲ್ಲ. "ಸಿಟ್ಟಿಗೆದ್ದಿದ್ದ. 'ಅಯ್ಯನ ಮನಿಯವರಿಗೆ ನೀರ ಬೇಕಾಗೇತಿ, ಅದಕ್ಕ ನನಗ ಶಾಸ್ತ್ರ ಹೇಳಾಕ ಬಂದಾನ' ಅಂದ. ರಾತ್ರಿ ಉಣ್ಣಲಿಲ್ಲ. ಮುಂಜಾನೆದ್ದು ಕಟ್ಟೀಮ್ಯಾಲೆ ಕುಂತು, 'ಬರಗಾಲದಾಗ ಆ ಹುಡುಗ ನಮ್ಮ ಮನಿಗೆ ಬಂದಾಗ ಏಳ ರೊಟ್ಟಿ ತಿಂದಿತ್ತಲ್ಲೋ' ಅಂದ. ಆಮ್ಯಾಲೆ, 'ಕಾಗದ ತಾ' ಅಂದ. ಅಷ್ಟ."

ಏಳು ರೊಟ್ಟಿಗಳ ಸಂಗತಿ ನನಗೆ ಮರೆತೇಹೋಗಿತ್ತು. ಗೆಳೆಯನ ಮನೆಯಾಕೆ ಸೌಟು ಹಿಡಿದು ನಿಂತೇ ಇದ್ದರು. "ಅನ್ನ ಬಿಡಬ್ಯಾಡ್ರೀ ಅಯ್ನಾರ" ಎಂದು ಮತ್ತೊಂದು ಸೌಟು ಬಡಿಸಿದರು. ಗೆಳೆಯನೂ ಇನ್ನಷ್ಟು ಹಾಕಿಸಿಕೊಂಡನು. "ಅಕ್ಕಿ ಚಲೋ ಐತಿ. ಹೊಳಿ ಅಂತೂ ನಮ್ಮದ" ಎಂದನು.

ಮರುದಿನ ಬೆಳಗಿನ ರೈಲಿಗೆ ಬಿಡಲು ಬಂದಾಗ ಅವನು ಒಂದು ಕೆಲಸ ಒಪ್ಪಿಸಿದನು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೆಯ ಅಡಿಪಾಯಗಳು ಮೇಲೆ ಬರುತ್ತವೆ. ಪ್ರತಿ ವರ್ಷವೂ ಅವನು ಒಬ್ಬನೇ ಹೋಗಿ ಕೆಸರಿನಲ್ಲಿ ಅವ್ವನ ಸಮಾಧಿಯ ಕಲ್ಲನ್ನು ಹುಡುಕುತ್ತಾನೆ. ಮೂರು ವರ್ಷದ ಹಿಂದೆ ಅಪ್ಪಾರು ನೆಟ್ಟ ಗುರುತಿನ ಕಲ್ಲು ಸಿಕ್ಕಿತ್ತು, ಪಕ್ಕದ್ದು ಸಿಕ್ಕಿರಲಿಲ್ಲ. "ಈಗ ನನಗೊಬ್ಬಗ ಕೆಸರಾಗ ನಡಿಯೂದಾಗೂದಿಲ್ಲ. ವೈಶಾಖದಾಗ ಬಾ. ನಾಕ ದಿನ ಇರೂಹಂಗ ಬಾ" ಎಂದನು. ರೈಲು ಹೊರಡುವ ಮೊದಲೇ ದಿನಚರಿ ತೆಗೆದು ಬರೆದುಕೊಂಡೆನು. ಆ ವಾರ ಒಪ್ಪಿಕೊಂಡಿದ್ದ ಪ್ರವಚನವನ್ನು ಮುಂದಕ್ಕೆ ಹಾಕಬೇಕೆಂದು ಸಂಬಂಧಪಟ್ಟವರಿಗೆ ಪತ್ರ ಬರೆದಿದ್ದೇನೆ.